ಗಡಿಯಾರ ನುಂಗಿದ ಗೂಬೆ

ಗುಮಾಸ್ತ ಬೆಳಗ್ಗೆ ಕಚೇರಿಗೆ ಬಂದು, ಛತ್ರಿಯನ್ನು ಮೂಲೆಗೆ ಒರಗಿಸಿ, ಒಂದು ಗುಂಡಿ ಒತ್ತಿದ. ಅಷ್ಟೇ. ಒಂದು ಗುಂಡಿ ಒತ್ತಿ ಇಷ್ಟೊಂದು ಅನಾಹುತ ಮಾಡಿಕೊಂಡವನನ್ನು ನಾನು ಕಂಡಿಲ್ಲ, ಮತ್ತು ನಾನು ಕಾಣದ ಮನುಷ್ಯ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಈ ಕತೆಯನ್ನು ಬೇರೆಯವರೂ ಹೇಳುತ್ತಾರೆ, ಆದರೆ ಉಪ್ಪಿಲ್ಲದೆ ಹೇಳುತ್ತಾರೆ. ನಾನು ಹೇಳುವುದೇ ಅಸಲು. ಒಂದಕ್ಷರ ಸುಳ್ಳಿದ್ದರೆ ನನ್ನ ನಾಲಗೆ ಮೊಳದುದ್ದ ಬೆಳೆಯಲಿ.

ಅದೊಂದು ಬೀಗ ಮಾಡುವ ಕಂಪನಿ. ಅಲ್ಲಿ ಹೆಡ್ ಗುಮಾಸ್ತನ ಕುರ್ಚಿ ಖಾಲಿಯಾಗಿತ್ತು. ಅದರಲ್ಲಿ ಯಾರು ಕೂರಬೇಕೆಂದು ಮ್ಯಾನೇಜರು ಅಂದು ಸಂಜೆಯೊಳಗೆ ತಿಳಿಸುವವರಿದ್ದರು. ಕುರ್ಚಿ ತನ್ನದೇ ಎಂದು ನಮ್ಮ ಗುಮಾಸ್ತನಿಗೆ ಎಷ್ಟು ಖಾತ್ರಿಯೆಂದರೆ, ಹಿಂದಿನ ದಿನವೇ ಊಟದ ಬಿಡುವಿನಲ್ಲಿ ಗುಟ್ಟಾಗಿ ಹೋಗಿ ಅದರ ಎತ್ತರವನ್ನು ತನ್ನ ಮೊಣಕಾಲಿಗೆ ಹೊಂದಿಸಿಟ್ಟು ಬಂದಿದ್ದ. ಹೆಂಡತಿಗೆ ಹೇಳಿದ್ದ. ಹೆಂಡತಿ ತನ್ನ ಅಕ್ಕನಿಗೆ ಹೇಳಿದ್ದಳು. ಅಕ್ಕನ ಗಂಡ, ಅಂದರೆ ಗುಮಾಸ್ತನ ಷಡ್ಡಕ, ‘ಅಭಿನಂದನೆ ಹೇಳೋಕೆ ಇವತ್ತೇ ರಾತ್ರಿ ಊಟಕ್ಕೆ ಬರ್ತೀವಿ’ ಅಂದಿದ್ದ. ಆ ಷಡ್ಡಕ ಎಂಥವನೆಂದರೆ, ಸ್ವರ್ಗಕ್ಕೆ ಹೋದರೂ ಅಲ್ಲಿನ ಬಾಗಿಲಲ್ಲಿ ನಿಂತು, ನಿನಗೆ ಒಳಗೆ ಯಾವ ಹುದ್ದೆ ಎಂದು ಕೇಳುವ ಜಾತಿ.

ಬೆಳಗ್ಗೆ ಒತ್ತಿದ ಗುಂಡಿ ಕಳಿಸಿದ್ದು ಒಂದು ಬಡಪಾಯಿ ಮೇಲ್: ‘ಸಂಜೆ ಸಭೆಯಿದೆ, ಎಲ್ಲರೂ ಬನ್ನಿ.’ ಮ್ಯಾನೇಜರ ಅಪ್ಪಣೆ, ಗುಮಾಸ್ತನ ಬೆರಳು. ಕಳಿಸಿ ಒಂದು ಗುಟುಕು ಕಾಫಿ ನುಂಗುವುದರೊಳಗೆ ಲೆಕ್ಕಪತ್ರ ನೋಡುವ ಅಕ್ಕ ತನ್ನ ಮೇಜಿನಿಂದಲೇ ಕೂಗಿದಳು.

“ಲೋ ತಮ್ಮಾ, ಬಾರೋ ಇಲ್ಲಿ. ಯಾರೋ ಇದು, ಗಡಿಯಾರ ನುಂಗಿದ ಗೂಬೆ?”

ಗುಮಾಸ್ತನ ಕಾಫಿ ಗಂಟಲಲ್ಲಿ ನಿಂತು, ಇಳಿಯಲೋ ಹತ್ತಲೋ ಎಂದು ಯೋಚಿಸಿತು.

ಸಂಗತಿ ಇಷ್ಟು. ಎದುರು ಬಾಯಿ ತೆರೆದರೆ ಕೆಲಸ ಹೋಗುತ್ತದೆ. ಮನೆಯಲ್ಲಿ ಬಾಯಿ ತೆರೆಯಲು ಸರದಿ ಸಿಗುವುದಿಲ್ಲ. ಹಾಗಾಗಿ ನಮ್ಮ ಗುಮಾಸ್ತ ತನ್ನ ಹೊಟ್ಟೆಯುರಿಯನ್ನೆಲ್ಲ ತನ್ನ ಮೇಲ್‌ನ ವಿಳಾಸ ಪಟ್ಟಿಯಲ್ಲಿ ಇಳಿಸಿದ್ದ. ಒಬ್ಬೊಬ್ಬರ ವಿಳಾಸದ ಪಕ್ಕ ಅವರ ಹೆಸರಿನ ಜಾಗದಲ್ಲಿ ಒಂದೊಂದು ಬಿರುದು. ಸದಾ ಗೋಡೆ ಗಡಿಯಾರ ನೋಡಿ ‘ತಡ, ತಡ’ ಎನ್ನುವ ಮ್ಯಾನೇಜರು ಗಡಿಯಾರ ನುಂಗಿದ ಗೂಬೆ. ಲೆಕ್ಕದ ಅಕ್ಕ ಬೀಗವಿಲ್ಲದ ಬಾಯಿ. ಸ್ಟೋರ್‌ಕೀಪರು ಗೋಡೆಗೆ ಅಂಟಿದ ಕಿವಿ. ಉಳಿದವರಿಗೂ ಹಂಚಿದ್ದ, ಯಾರಿಗೂ ಅನ್ಯಾಯ ಮಾಡಿರಲಿಲ್ಲ. ಹಳೆಯ ಮೇಲ್ ವ್ಯವಸ್ಥೆ ಬರೀ ವಿಳಾಸ ತೋರಿಸುತ್ತಿತ್ತು, ಆದ್ದರಿಂದ ವರ್ಷಗಟ್ಟಲೆ ಗುಟ್ಟು ಗುಟ್ಟಾಗಿಯೇ ಇತ್ತು. ನಿನ್ನೆ ಕಂಪ್ಯೂಟರ್ ರಿಪೇರಿಯವನು ಬಂದು ಎಲ್ಲ ಯಂತ್ರಗಳಿಗೂ ಹೊಸದನ್ನು ಹಾಕಿ ಹೋಗಿದ್ದ. ಹೊಸದಕ್ಕೆ ಹೆಸರು ತೋರಿಸುವ ಚಟ.

“ಗೋಡೆಗೆ ಅಂಟಿದ ಕಿವಿ! ಇದು ನಮ್ಮ ಸ್ಟೋರಿನವನೇ ತಾನೇ? ಹೊಟ್ಟೆ ಹುಣ್ಣಾಯ್ತು ಕಣೋ!” ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಂಗೇನು ಇಟ್ಟಿದ್ದೀಯ? ಇಲ್ಲಿ ಬರೀ ‘ನಾನು’ ಅಂತಿದೆ.”

“ನಿಮಗಾ? ಅಕ್ಕ ಅಂತ. ಬರೀ ಅಕ್ಕ.”

“ಅಯ್ಯೋ, ಬಂಗಾರ!”

ಬಂಗಾರ ತನ್ನ ಮೇಜಿಗೆ ಓಡಿ ರಿಪೇರಿಯವನಿಗೆ ಫೋನು ಮಾಡಿತು.

“ಕಳಿಸಿದ ಮೇಲ್ ಉಗುಳಿದ ಎಂಜಲು ಕಣ್ರೀ, ವಾಪಸ್ ಬಾಯಿಗೆ ಬರಲ್ಲ,” ಎಂದ ರಿಪೇರಿಯವನು. ಅವನು ಯಾವುದೋ ಏಣಿಯ ಮೇಲಿದ್ದ. “ಕೇಳಿಸ್ಕೊಳ್ಳಿ. ಅವರವರ ಯಂತ್ರದಲ್ಲಿ ಅವರವರ ವಿಳಾಸ ‘ನಾನು’ ಅಂತ ಕಾಣುತ್ತೆ. ಬೇರೆಯವರ ಹೆಸರು, ನೋಡೋರು ತಮ್ಮ ಪಟ್ಟಿಯಲ್ಲಿ ಏನಂತ ಬರ್ಕೊಂಡಿದಾರೋ ಹಾಗೆ ಕಾಣುತ್ತೆ. ಅವರು ಏನೂ ಬರ್ಕೊಂಡಿಲ್ಲಾಂದ್ರೆ ಕಳಿಸಿದೋರು ಬರ್ದಿರೋದು ಕಾಣುತ್ತೆ. ಅವರ ಪಟ್ಟಿ ಖಾಲಿ, ನಿಮ್ಮ ಕೊಬ್ಬು ಭರ್ತಿ. ಅಷ್ಟೇ ಕಾಯಿಲೆ.”

“ಮತ್ತೆ ಔಷಧಿ?”

“ಪ್ರತಿಯೊಬ್ಬರ ಯಂತ್ರದಲ್ಲೂ ಕೂತು ಎಲ್ಲರ ಒಳ್ಳೇ ಹೆಸರು ಬರೀರಿ. ಒಳ್ಳೇದು ಕೆಟ್ಟದ್ದನ್ನ ಮುಚ್ಚುತ್ತೆ.”

ಎಂಥ ಮಾತು! ಅದನ್ನೇ ಹಾರ ಹಾಕಿಸಿಕೊಂಡ ಯಾರಾದರೂ ಹೇಳಿದ್ದರೆ ಜನ ಕಾಲಿಗೆ ಬೀಳುತ್ತಿದ್ದರು.

ಮ್ಯಾನೇಜರ ಬಗ್ಗೆ ಭಯವಿರಲಿಲ್ಲ. ಅವರ ಪರದೆಯಲ್ಲಿ ಗೂಬೆ ‘ನಾನು’ ಎಂದೇ ಕಾಣುತ್ತದೆ. ಉಳಿದವರ ಹೆಸರನ್ನು ಅವರು ಮೊದಲೇ ಬರೆದಿಟ್ಟುಕೊಂಡಿದ್ದಾರೆಂದು ಗುಮಾಸ್ತನಿಗೆ ಗೊತ್ತಿತ್ತು. ಭಯವೆಲ್ಲ, ಬೇರೆಯವರು ನೋಡಿ ಅವರ ಕಿವಿಗೆ ಹಾಕಿದರೆ ಎಂಬುದು. ಬಹಳ ಮಂದಿ ಇನ್ನೂ ಕಾರ್ಖಾನೆಯ ಒಳಗಿದ್ದರು, ಟೀ ಹೊತ್ತಿಗೆ ಬಂದು ಮೇಲ್ ತೆರೆಯುತ್ತಾರೆ. ಅಷ್ಟರೊಳಗೆ ಎಲ್ಲ ಯಂತ್ರಗಳನ್ನೂ ಶುದ್ಧ ಮಾಡಬೇಕು.

ಗುಮಾಸ್ತ ಹೊರಟ. ಬೆಂಕಿ ಬಿದ್ದ ಮನೆಯಿಂದ ಬೆಕ್ಕು ಕೂಡ ಹಾಗೆ ಓಡುವುದಿಲ್ಲ. ತನ್ನ ಯಂತ್ರದಿಂದಲೇ ಶುರುಮಾಡಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹಾರಿದ, ಒಂದು ಕಡೆ ಟೀ ಚೆಲ್ಲಿದ, ಇನ್ನೊಂದು ಕಡೆ ಯಾರದೋ ತಿಂಡಿ ಡಬ್ಬಿಯ ಮೇಲೆಯೇ ಕೂತ. ಮುಂದೆ ಬೆಳಗಿನ ಮೇಲನ್ನೇ ತೆರೆದಿಟ್ಟುಕೊಂಡು, ಅದರಲ್ಲಿದ್ದ ಒಂದೊಂದು ವಿಳಾಸಕ್ಕೂ ‘ಮಾನ್ಯ ಮ್ಯಾನೇಜರ್ ಸಾಹೇಬರು’, ‘ಗೌರವಾನ್ವಿತ ಲೆಕ್ಕಾಧಿಕಾರಿ’ ಎಂದು ಚಿನ್ನದ ಲೇಪ ಹಚ್ಚುತ್ತ ಹೋದ. ಬೆರಳುಗಳಿಂದ ಹೊಗೆ ಬಂತು. ನಾನು ಕಣ್ಣಾರೆ ಕಾಣದಿದ್ದರೂ ಮೂಗಾರೆ ಕಂಡಿದ್ದೇನೆ.

“ಏನು ಮಾಡ್ತಿದ್ದೀಯಪ್ಪಾ?” ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ. “ಹೊಸ ವ್ಯವಸ್ಥೆ. ಹೆಸರು ಸರಿಯಾಗಿ ಕಾಣ್ಲಿ ಅಂತ.”

“ಪುಣ್ಯಾತ್ಮ!” ಎಂದರು ಅವರು.

ಕೊನೆಗೆ ಉಳಿದದ್ದು ಉಗ್ರಾಣ. ಅಲ್ಲಿ ಸ್ಟೋರ್‌ಕೀಪರು ಬೀಗಗಳ ರಾಶಿಯ ನಡುವೆ ಪರದೆ ತೆರೆದು, ಕಾಲ ಮೇಲೆ ಕಾಲು ಹಾಕಿ ಕಾಯುತ್ತಿದ್ದ.

“ಬನ್ನಿ ಗುಮಾಸ್ತರೇ. ಈ ಬೀಗವಿಲ್ಲದ ಬಾಯಿ ನಮ್ಮ ಅಕ್ಕನೇ ಇರ್ಬೇಕು. ಈ ಗೂಬೆ ಯಾವ ಗಾಜಿನ ಕೋಣೆಯಲ್ಲಿ ಕೂರುತ್ತೆ ಅಂತ ಯೋಚಿಸ್ತಿದ್ದೆ. ಸಾಹೇಬರನ್ನೇ ಕೇಳ್ಲಾ?”

“ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ.”

“ಕಾಲು ಬೇಡ, ನೋವಿದೆ. ಎಲ್ಲರ ಯಂತ್ರದಲ್ಲೂ ಹೆಸರು ಬರೀತಿದ್ದೀರಂತೆ. ನಂದು ಏನಂತ ಬರ್ದ್ರಿ?”

“ಸ್ಟೋರ್‌ಕೀಪರು ಅಂತ.”

“ಬರೀ ಅಷ್ಟೇನಾ? ‘ಶ್ರೀಯುತ ಮಹಾ ಉಗ್ರಾಣಾಧಿಕಾರಿಗಳು’ ಅಂತ ಬರೀರಿ. ಎಲ್ಲ ಕಡೆ.”

ಗುಮಾಸ್ತ ಮತ್ತೆ ಮೊದಲಿನಿಂದ ಎಲ್ಲ ಮೇಜುಗಳನ್ನೂ ಸುತ್ತಿದ. ಸ್ಟೋರ್‌ಕೀಪರು ಕೈ ಹಿಂದೆ ಕಟ್ಟಿಕೊಂಡು ಅವನ ಬೆನ್ನ ಹಿಂದೆಯೇ ನಡೆದು, “ಇಲ್ಲೊಂದು ದೀರ್ಘ ಬಿಟ್ಟಿದೆ, ಹಾಕಿ,” ಎಂದು ಮೇಲ್ವಿಚಾರಣೆ ನಡೆಸಿದ. ಗಾಜಿನ ಕೋಣೆಯಿಂದ ಮ್ಯಾನೇಜರು ಒಮ್ಮೆ ತಲೆಯೆತ್ತಿ ಈ ಮೆರವಣಿಗೆಯನ್ನು ನೋಡಿದರು, ಆಮೇಲೆ ಗಡಿಯಾರ ನೋಡಿದರು.

ಟೀ ಹೊತ್ತಾಯಿತು. ಜನ ಬಂದರು. ಮೇಲ್ ತೆರೆದರು. ಎಲ್ಲೆಲ್ಲೂ ಮಾನ್ಯರು, ಗೌರವಾನ್ವಿತರು, ಮಹಾ ಉಗ್ರಾಣಾಧಿಕಾರಿಗಳು. ಗೂಬೆ ಹಾರಿಹೋಗಿತ್ತು.

“ಅಯ್ಯೋ, ಚೆನ್ನಾಗಿತ್ತಲ್ಲೋ ಅದು!” ಎಂದು ಅಕ್ಕ ಒಬ್ಬಳೇ ಮರುಗಿದಳು.

ಮಧ್ಯಾಹ್ನ ಹೆಂಡತಿಯ ಫೋನು. “ರೀ, ಭಾವ ಆಗ್ಲೇ ಬಂದು ಕೂತಿದಾರೆ. ಹೆಡ್ ಗುಮಾಸ್ತರು ಎಷ್ಟೊತ್ತಿಗೆ ಬರ್ತಾರೆ ಅಂತ ಕೇಳ್ತಿದಾರೆ.”

“ಬರ್ತಾರೆ ಅನ್ನು,” ಎಂದ ಗುಮಾಸ್ತ. ಬೆಳಗಿನಿಂದ ಮೊದಲ ಬಾರಿಗೆ ಅವನ ಎದೆ ಅಂಗಿಯನ್ನು ತುಂಬಿತು.

ಸಂಜೆ ಸಭೆ ನಡೆಯಲಿಲ್ಲ. ‘ತಡವಾಯಿತು’ ಎಂದು ಮ್ಯಾನೇಜರು ಬೆಳಗಿನ ಮೇಲಿಗೇ ಎಲ್ಲರಿಗೂ ಸೇರಿಸಿ ಉತ್ತರ ಬರೆದು ಮುಗಿಸಿದರು. ಗುಮಾಸ್ತ ಉಸಿರು ಹಿಡಿದು ಓದಿದ.

‘ಇಂದು ನಮ್ಮ ಸ್ಟೋರ್‌ಕೀಪರು ತಾವೇ ಮುಂದೆ ನಿಂತು ಎಲ್ಲರ ಕಂಪ್ಯೂಟರಿನಲ್ಲೂ ಹೆಸರುಗಳನ್ನು ಸರಿಪಡಿಸಿದ್ದನ್ನು ಕಂಡೆ. ಇಂಥ ಮೇಲ್ವಿಚಾರಣೆಯೇ ನಮಗೆ ಬೇಕಾದ್ದು. ಹೆಡ್ ಗುಮಾಸ್ತರಾಗಿ ಅವರನ್ನು ನೇಮಿಸಿದ್ದೇನೆ.’

ಗುಮಾಸ್ತ ಎದ್ದು ನಿಂತ. ಗಾಜಿನ ಕೋಣೆಗೆ ನುಗ್ಗಿ, ಮಾಡಿದವನು ನಾನು ಎಂದು ಕೂಗಬೇಕು! ಆದರೆ ಯಾಕೆ ಮಾಡಿದೆ ಎಂದು ಕೇಳಿದರೆ? ಬಾಗಿಲ ಬಳಿ ಸ್ಟೋರ್‌ಕೀಪರು ನಿಂತು, ತುಟಿಯ ಮೇಲೆ ಬೀಗದ ಕೈ ತಿರುಗಿಸಿದಂತೆ ಬೆರಳು ತಿರುಗಿಸಿ ನಕ್ಕ. ಗುಮಾಸ್ತ ಕೂತ.

ಆಗ ಕಚೇರಿಯ ಒಂದು ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಇನ್ನೊಂದು ಮೂಲೆಯಲ್ಲಿ ಮತ್ತೊಬ್ಬರು. ಕುಕ್ಕರಿನ ಸೀಟಿಯಂತೆ ನಗು ಮೇಜಿನಿಂದ ಮೇಜಿಗೆ ಹತ್ತಿತು. ಗುಮಾಸ್ತ ತನ್ನ ಪರದೆಯನ್ನು ಮತ್ತೆ ನೋಡಿದ. ಎಲ್ಲ ಸರಿಯಾಗಿತ್ತು. ಗೌರವಾನ್ವಿತ ಲೆಕ್ಕಾಧಿಕಾರಿ, ಶ್ರೀಯುತ ಮಹಾ ಉಗ್ರಾಣಾಧಿಕಾರಿಗಳು, ನಾನು.

“ತಮ್ಮಾ,” ಎಂದಳು ಅಕ್ಕ. ದನಿಯಲ್ಲಿ ಕನಿಕರವಿತ್ತು, ಬಾಯಲ್ಲಿ ನಗುವಿತ್ತು. “ಬಂದು ನೋಡೋ.”

ಅವಳ ಪರದೆಯಲ್ಲಿ ಮಾನ್ಯರ ಸಾಲಿನ ಮಧ್ಯೆ ಒಂದೇ ಒಂದು ಹೆಸರು ಬೇರೆಯಾಗಿತ್ತು: ‘ಮೂರನೇ ಮೇಜಿನ ಕತ್ತೆ, ಎಷ್ಟಾದರೂ ಹೇರಬಹುದು, ಬಡ್ತಿ ಬೇಡ’.

ಮೂರನೇ ಮೇಜು ಯಾರದೆಂದು ನಿಮಗೂ ಹೇಳಬೇಕೆ? ಬೆಳಗಿನ ಮೇಲ್ ಕಳಿಸಿದವನು ಅವನೇ ಆದ್ದರಿಂದ ಪಡೆಯುವವರ ಸಾಲಿನಲ್ಲಿ ಅವನ ವಿಳಾಸ ಇರಲಿಲ್ಲ. ಆ ಸಾಲು ನೋಡಿಕೊಂಡು ಎಲ್ಲ ಯಂತ್ರಗಳಲ್ಲೂ ಎಲ್ಲರ ಹೆಸರು ಬರೆದವನು ತನ್ನದನ್ನು ಬರೆದಿರಲಿಲ್ಲ. ಅವನ ಹೆಸರನ್ನು ತಾವಾಗಿಯೇ ಬರೆದುಕೊಳ್ಳಬೇಕೆಂದು ಆ ಕಚೇರಿಯಲ್ಲಿ ಇಷ್ಟು ವರ್ಷ ಯಾರಿಗೂ ಅನಿಸಿರಲಿಲ್ಲ. ಈಗ ಉತ್ತರದಲ್ಲಿ ಅವನ ವಿಳಾಸವೂ ಸೇರಿ, ಮ್ಯಾನೇಜರು ಅವನಿಗೆ ಬರೆದಿಟ್ಟ ಹೆಸರೇ ಎಲ್ಲರಿಗೂ ಕಂಡಿತು.

ಅಂದರೆ ಮ್ಯಾನೇಜರೂ ಎಲ್ಲರಿಗೂ ಬಿರುದು ಕೊಟ್ಟಿದ್ದಾರೆ! ಅಕ್ಕನಿಗೂ, ಆ ಮಹಾ ಉಗ್ರಾಣಕ್ಕೂ! ಗುಮಾಸ್ತನಿಗೆ ಅದು ಹೊಳೆಯಿತು. ತೋರಿಸಬೇಕಾದರೆ ತಾನು ಹಚ್ಚಿದ ಚಿನ್ನವನ್ನು ಕೆರೆಯಬೇಕು, ಕೆರೆದರೆ ಬೆಳಗಿನ ಗೂಬೆ ಮತ್ತೆ ಬಂದು ಕೂರುತ್ತದೆ. ತಾನೇ ಮಾಡಿದ ಬೀಗ, ಕೀಲಿಕೈ ಒಳಗೆ.

“ಅಕ್ಕಾ, ಸ್ವಲ್ಪ ಜರುಗಿ. ನನ್ನ ಹೆಸರು ಬರೀತೀನಿ.”

ಅಕ್ಕ ಮೌಸಿನ ಮೇಲೆ ಕೈಯಿಟ್ಟಳು. “ಇರ್ಲಿ ಬಿಡೋ. ಹುಡುಕೋಕೆ ಸುಲಭ.”

ಇತರರೂ ಹಾಗೇ ಅಂದರು. ಹೊಸ ಹೆಡ್ ಗುಮಾಸ್ತರು ಖಾಲಿ ಕುರ್ಚಿಯಲ್ಲಿ ಕೂತು, ಎತ್ತರ ಸರಿಯಿಲ್ಲವೆಂದು ಗೊಣಗಿ, ಅದನ್ನು ತಗ್ಗಿಸಿಕೊಂಡು ಕೂಗಿದರು. “ರೀ ಮೂರನೇ ಮೇಜು, ನನ್ನ ಬಡ್ತಿ ವಿಷಯ ಹೊರಗಿನ ಗಿರಾಕಿಗಳಿಗೂ ಒಂದು ಮೇಲ್ ಹಾಕ್ಬಿಡಿ. ಹೆಸರು ಸರಿಯಾಗಿ ಕಾಣ್ಲಿ.”

ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು, ಮನೆಯಲ್ಲಿ ಷಡ್ಡಕ ಎಲೆ ಮುಂದೆ ಕಾಯುತ್ತಿದ್ದ. ಗುಮಾಸ್ತ ತನ್ನ ಮೇಜಿಗೆ ಬಂದು ಪರದೆಯ ಮುಂದೆ ಕೂತ. ಅಲ್ಲಿ ಇನ್ನೂ ‘ನಾನು’ ಎಂದೇ ಇತ್ತು. ಇಡೀ ಕಚೇರಿಯಲ್ಲಿ ಅವನನ್ನು ಕತ್ತೆ ಎನ್ನದೆ ಉಳಿದ ಯಂತ್ರ ಅದೊಂದೇ. ಅದಕ್ಕಿನ್ನೂ ವಿಷಯ ತಿಳಿದಿರಲಿಲ್ಲ, ಅಷ್ಟೇ.