ಅಕ್ಕನ ಗರಾಜಿನ ಎರಡು ಆನೆಗಳು

ನಮ್ಮಕ್ಕನ ತಲೆಗೆ ಆನೆ ಹೊಕ್ಕಿದೆ. ಒಂದಲ್ಲ, ಎರಡು! ನಂಬಿಕೆಯಿಲ್ಲದಿದ್ದರೆ ಇರ್ವಿಂಗ್‌ಗೆ ಬಂದು ನೋಡಿ, ಅವಳ ಗರಾಜಿನಲ್ಲಿ ಕಾರಿಗೆ ಜಾಗವಿಲ್ಲ.

ರೋಗ ಅಂಟಿದ್ದು ಹ್ಯೂಸ್ಟನ್‌ನಲ್ಲಿ. ಲಾಸ್ ಕೊಲಿನಾಸ್‌ನ ಆಫೀಸಿನಲ್ಲಿ ಅವಳ ಪಕ್ಕ ಕೂರುವ ವಿಯೆಟ್ನಾಮಿನ ಗೆಳತಿ, ನಮ್ಮವರ ಹಬ್ಬವಿದೆ ಬಾ ಎಂದಳಂತೆ. ಮುಕ್ಕಾಲು ಗಂಟೆ ದಾರಿಯ ನಮ್ಮ ಮನೆಗೆ ನಾನು ಕರೆದರೆ "ಮಂಡಿ ನೋವು ಕಣೇ, ಪ್ರಾಸ್ಪರ್‌ವರೆಗೆ ಯಾರು ಬರ್ತಾರೆ" ಎನ್ನುವ ಮಹಾತಾಯಿ, ಆ ಗೆಳತಿಯ ಪಿಕಪ್ ಟ್ರಕ್ಕಿನಲ್ಲಿ ನಾಲ್ಕು ಗಂಟೆ ಕೂತು ಹೋದಳು! ಅಲ್ಲಿ ರಟ್ಟಿನ ಆನೆಗಳ ಮೇಲೆ ಇಬ್ಬರು ಪುಟ್ಟ ಹುಡುಗಿಯರ ಮೆರವಣಿಗೆ. ಎರಡು ಸಾವಿರ ವರ್ಷದ ಹಿಂದೆ ಚೀನಾದ ಚಕ್ರವರ್ತಿಯ ವಿರುದ್ಧ ದಂಗೆಯೆದ್ದ ಅಕ್ಕ-ತಂಗಿಯರ ವೇಷವಂತೆ. ಹಬ್ಬ ಮುಗಿದ ಮೇಲೆ ಕಸಕ್ಕೆ ಹೋಗಬೇಕಿದ್ದ ಆನೆಗಳನ್ನು ಇವಳು ಪಿಕಪ್ಪಿಗೆ ಹೇರಿಸಿಕೊಂಡು ಬಂದಳು. ದಾರಿಯಲ್ಲಿ ಪೊಲೀಸಪ್ಪ ನಿಲ್ಲಿಸಿದನಂತೆ.

"ಮೈಸೂರಿನೋಳು ನಾನು, ಆನೆ ನಮಗೇನು ಹೊಸದಲ್ಲ ಅಂತ ದಸರಾ ಪೂರ್ತಿ ವಿವರಿಸ್ದೆ. ಬಿಟ್ಬಿಟ್ಟ!"

ಬಿಡದೆ ಏನು ಮಾಡಿಯಾನು, ಪಾಪ? ಅವನಿಗೂ ಹೆಂಡತಿ ಮಕ್ಕಳಿರುತ್ತಾರೆ.

ಅಲ್ಲಿಂದ ಶುರುವಾಯಿತು ಹರಿಕಥೆ. ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಬಂದವರೆಲ್ಲ ಕಿಚನ್ ಕೌಂಟರ್ ಸವರಿ ಹೊಗಳುತ್ತಿದ್ದರೆ, ಇವಳು ಬಿಸಿಬೇಳೆಬಾತಿನ ಸೌಟು ಹಿಡಿದುಕೊಂಡೇ ಭಾಷಣಕ್ಕಿಳಿದಳು.

"ದೊಡ್ಡವಳ ಗಂಡನ್ನ ಚೀನಾದ ಅಧಿಕಾರಿ ಕೊಲ್ಲಿಸ್ಬಿಟ್ಟ. ಅವಳು ಮೂಲೇಲಿ ಕೂತ್ಲಾ? ಸೂತಕದ ಬಟ್ಟೆ ಉಟ್ಲಾ? ಊಹೂಂ! ಸೈನ್ಯದ ಧೈರ್ಯ ಕುಗ್ಗಬಾರ್ದು ಅಂತ ಅಲಂಕಾರ ಮಾಡ್ಕೊಂಡೇ ಯುದ್ಧಕ್ಕೆ ಹೊರಟ್ಲು. ತಂಗೀನೂ ಜೊತೆಗೆ. ಅರವತ್ತೈದು ಕೋಟೆ ಗೆದ್ರು!"

"ಆಮೇಲೆ?" ಎಂದರು ಆಸ್ಟಿನ್‌ನಿಂದ ಬಂದಿದ್ದ ಒಬ್ಬರು ಆಂಟಿ.

"ಮೂರು ವರ್ಷಕ್ಕೆ ಚೀನಾದ ದೊಡ್ಡ ಸೈನ್ಯ ಬಂತು. ಸೋತ್ರು."

"ಅಯ್ಯೋ, ಸೋತೋರಿಗೂ ಹಬ್ಬಾನಾ?"

"ಗೆದ್ದೋನ ಹೆಸರು ಹೇಳಿ ನೋಡೋಣ ಆಂಟಿ!"

ಆಂಟಿ ಮೊಸರನ್ನದ ಕಡೆಗೆ ನಡೆದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹನ್ನೆರಡು ವರ್ಷದ ನನ್ನ ಮಗಳು ಮಾತ್ರ "ಅಮ್ಮಾ, ದೊಡ್ಡಮ್ಮ ಈಸ್ ದಿ ಓನ್ಲಿ ಇಂಟರೆಸ್ಟಿಂಗ್ ಪರ್ಸನ್ ಹಿಯರ್" ಎಂದಳು. ಕಿಚನ್ ಕೌಂಟರ್ ಆರಿಸಿದ ನಾನು ಯಾವ ಲೆಕ್ಕ?

ನವರಾತ್ರಿ ಹತ್ತಿರ ಬಂದಾಗ ಅಕ್ಕನ ಫೋನು. "ಈ ಸಲ ಆನೆಗಳನ್ನಿಟ್ಟು ಗೊಂಬೆ ಕೂರಿಸ್ತೀನಿ. ಎಲ್ಲರನ್ನೂ ಅರಿಶಿನ-ಕುಂಕುಮಕ್ಕೆ ಕರೆದಿದೀನಿ."

ನಾನು ಕೆಂಡವಾದೆ. ಭಾವ ಹೋಗಿ ಎರಡು ವರ್ಷವಾಗಿಲ್ಲ. ಅರಿಶಿನ-ಕುಂಕುಮಕ್ಕೆ ಇವಳು ಕರೆಯುವುದೇ? "ಜನ ಏನಂತಾರೆ?" ಅಂದೆ. ಅವಳು ಫೋನಿಟ್ಟಳು.

ಜನ ಏನೂ ಅನ್ನಲಿಲ್ಲ. ಬರಲೂ ಇಲ್ಲ! ಆಫೀಸಿನಲ್ಲಿ ಐವತ್ತು ಜನರನ್ನು ಕುಣಿಸುವ ನಮ್ಮ ವೀರಾಂಗನೆಯರಲ್ಲಿ ಒಬ್ಬಳಿಗೆ ತಲೆನೋವು, ಒಬ್ಬಳಿಗೆ ಮಗನ ಸಾಕರ್, ಇನ್ನೊಬ್ಬಳಿಗೆ ಅದೇ ಸಂಜೆ ಟೈರ್ ಪಂಕ್ಚರ್. ಇವರನ್ನು ಹೆದರಿಸಲು ಯಾವ ಚೀನಾ ಸೈನ್ಯ ಬೇಕು? ಒಂದು ಕುಂಕುಮದ ಭರಣಿ ಸಾಕು.

ಆದರೆ ನಾನೇನು ಕಮ್ಮಿ? ಹೋದ ವರ್ಷ ನಮ್ಮ ಮನೆಯ ಅರಿಶಿನ-ಕುಂಕುಮಕ್ಕೆ ಊರೆಲ್ಲ ಕರೆದು, ಒಡಹುಟ್ಟಿದವಳಿಗೆ ಮಾತ್ರ "ನೀನು ನಾಳೆ ಊಟಕ್ಕೆ ಬಾ" ಎಂದಿದ್ದೆ. ಅವಳು ಮಾರನೆಯ ದಿನ ಕೋಸಂಬರಿ ಮಾಡಿಕೊಂಡು ಬಂದು, ನಗುನಗುತ್ತ ಉಂಡು ಹೋಗಿದ್ದಳು.

ಈ ಸಲ ಮಗಳ ಕಾಟಕ್ಕೆ ನಾನು ಹೋದೆ. ಮೆಟ್ಟಿಲ ಮೇಲೆ ಪಟ್ಟದ ಗೊಂಬೆ, ಅಕ್ಕಪಕ್ಕ ಆ ಎರಡು ಆನೆ. ಮುಂದೆ ಮೂವತ್ತು ತಾಂಬೂಲದ ಚೀಲ, ಒಂದೂ ಕದಲಿರಲಿಲ್ಲ. ರೇಷ್ಮೆ ಸೀರೆಯುಟ್ಟ ಅಕ್ಕ "ಬಾರೇ, ಬಾರೇ" ಎಂದು ಮಣೆ ಹಾಕಿದಳು. ಭರಣಿ ಎತ್ತಿಕೊಂಡಳು. ಅರವತ್ತೈದು ಕೋಟೆಯ ಕಥೆ ಹೇಳುತ್ತಿದ್ದವಳು, ಆ ಭರಣಿಯನ್ನು ಮೆಲ್ಲಗೆ ನನ್ನ ಮಗಳ ಕಡೆ ಚಾಚಿದಳು.

"ಪುಟ್ಟೀ, ಅಮ್ಮಂಗೆ ನೀನೇ ಇಡು."

ನಾನು ಭರಣಿಯನ್ನು ಅವಳ ಕೈಗೇ ಒತ್ತಿ ಹಣೆ ಒಡ್ಡಿದೆ. "ನೀನೇ ಇಡಕ್ಕಾ."

ಅವಳು ಇಟ್ಟ ಕುಂಕುಮದಲ್ಲಿ ಅರ್ಧ ನನ್ನ ಮೂಗಿನ ಮೇಲೆ ಉದುರಿತು. ನಾನು ಒಂದು ಚಿಟಿಕೆ ತೆಗೆದು ಅವಳ ಹಣೆಯ ಕಡೆ ಕೈ ನೀಡಿದಾಗ ಹಿಂದೆ ಸರಿದಳು.

"ಬೇಡ್ವೇ... ಜನ..."

"ಯಾವ ಜನ? ಇಲ್ಲಿರೋದು ಎರಡು ಆನೆ" ಎಂದು, ಅವಳ ಹಣೆಗೆ ಇಟ್ಟೆ.