ಜೊತೆಗೆ ಯಾರಿದ್ದಾರೆ?

ಮಷಿನ್‌ಮನ್ ಸೀನಿದ್ದು ಒಂದೇ ಸಲ. ಆದರೆ ಸೀನಿದ್ದು ಆಗತಾನೇ ಅಚ್ಚಾಗಿ ಬಂದ ಕ್ಯಾಲೆಂಡರಿನ ಹಾಳೆಯ ಮೇಲೆ, ಅದೂ ಪ್ರೆಸ್ಸಿನ ಯಜಮಾನರ ಕಣ್ಣೆದುರಿಗೆ. ಯಜಮಾನರು ಹಾವು ಕಂಡವರಂತೆ ಹಿಂದಕ್ಕೆ ಹಾರಿದರು.

"ಅಯ್ಯೋ ಮಾರಾಯ, ಮೊದಲು ಆಸ್ಪತ್ರೆಗೆ ಹೋಗು!"

"ಬಣ್ಣದ ಘಾಟು ಸಾರ್, ಅಷ್ಟೇ."

"ಎಲ್ಲ ಘಾಟು ಅಂತಲೇ ಶುರುವಾಗೋದು," ಎಂದ ಬೈಂಡರ್, ಕೈಯಲ್ಲಿದ್ದ ಕೆಲಸ ಬಿಟ್ಟು. "ನಮ್ಮ ಭಾವನಿಗೂ ಹೀಗೇ ಒಂದು ಸೀನು ಬಂತು. ಆಮೇಲೆ ಏನಾಯ್ತು ಅಂತ ಕೇಳಬೇಡಿ."

ಯಾರೂ ಕೇಳಲಿಲ್ಲ. ಆ ಭಾವ ಇವತ್ತಿಗೂ ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿದ್ದಾನೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಎಲ್ಲರ ಮುಖ ಬಾಡಿತು.

ಅವತ್ತು ಮಧ್ಯಾಹ್ನ ದೊಡ್ಡ ಗಿರಾಕಿಯೊಬ್ಬರು ಬರುವುದಿತ್ತು. ಹೊಸ ಯಂತ್ರ ಓಡುವುದನ್ನು ಕಣ್ಣಾರೆ ನೋಡಿ ಅವರು ವರ್ಷಪೂರ್ತಿ ಕೆಲಸ ಕೊಡುವ ಮಾತಾಗಿತ್ತು. ಕೊಟ್ಟರೆ ಮಷಿನ್‌ಮನ್ನನ್ನು ಫೋರ್‌ಮನ್ ಮಾಡುವುದಾಗಿ ಯಜಮಾನರು ಎಲ್ಲರೆದುರು ಹೇಳಿದ್ದರು. ಮಸಿ ಮೆತ್ತಿದ ಕೈಯಲ್ಲೇ ಅರ್ಧ ಆಯುಷ್ಯ ಕಳೆದವನಿಗೆ ಅದಕ್ಕಿಂತ ದೊಡ್ಡ ಆಸೆ ಬೇರೆ ಇರಲಿಲ್ಲ.

"ಏನಿಲ್ಲ ಅಂತ ಡಾಕ್ಟರ ಹತ್ರ ಹೇಳಿಸಿಕೊಂಡು ಬಾ. ಅಲ್ಲೀವರೆಗೂ ಯಂತ್ರ ಮುಟ್ಟಬೇಡ," ಎಂದರು ಯಜಮಾನರು.

ಆಸ್ಪತ್ರೆಯೋ, ಸಂತೆಯೋ! ಉಗುರು ಸೀಳಿದವನೊಬ್ಬ ಅತ್ತೆ ಮಾವ ಮಕ್ಕಳು ಮರಿ ಸಮೇತ ಬಂದು, ಊಟದ ಕ್ಯಾರಿಯರ್ ಬಿಚ್ಚಿ ಕೂತಿದ್ದ. ಹಿಂದಿನ ದಿನ ಬಿಕ್ಕಳಿಸಿದ್ದ ಗೃಹಸ್ಥರೊಬ್ಬರು, ಬಿಕ್ಕಳಿಕೆ ಯಾಕೆ ನಿಂತಿತೆಂದು ಕೇಳಲು ಪರಿವಾರದೊಂದಿಗೆ ದಯಮಾಡಿಸಿದ್ದರು. ಜ್ವರದಲ್ಲಿ ಕೆಂಡದಂತೆ ಕಾಯುತ್ತಿದ್ದ ಹೆಂಗಸೊಬ್ಬಳು ಮಾತ್ರ ಗೋಡೆಗೊರಗಿ ಒಂಟಿಯಾಗಿ ಕೂತಿದ್ದಳು. ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಯಾಕೆಂದರೆ ಬಾಗಿಲು ಕಾಯುವ ಜವಾನ ರೋಗಿಯ ಮುಖ ನೋಡುತ್ತಿರಲಿಲ್ಲ, ಜೊತೆಗೆ ಬಂದವರ ತಲೆ ಎಣಿಸುತ್ತಿದ್ದ.

"ಜೊತೆಗೆ ಯಾರಿದ್ದಾರೆ?" ಎಂದ ಜವಾನ.

"ಯಾರೂ ಇಲ್ಲ, ನಾನೊಬ್ಬನೇ."

"ಹಾಗಾದ್ರೆ ನಿಮಗೇನೂ ಆಗಿಲ್ಲ. ಕೂತ್ಕೊಳ್ಳಿ."

"ಅದನ್ನೇ ಡಾಕ್ಟರ ಬಾಯಲ್ಲಿ ಹೇಳಿಸಬೇಕಾಗಿದೆ ಕಣಪ್ಪ!"

"ಒಂಟಿ ಜನಾನ ಒಳಗೆ ಬಿಟ್ರೆ, ಈ ಗುಂಪಲ್ಲಿ ಬಂದೋರು ನನ್ನ ಚರ್ಮ ಸುಲೀತಾರೆ ಸ್ವಾಮಿ."

ಮಷಿನ್‌ಮನ್ ಹೆಂಡತಿಗೆ ಫೋನ್ ಮಾಡಿದ. "ಸುಮ್ಮನೆ ಬಂದು ಪಕ್ಕದಲ್ಲಿ ನಿಂತ್ಕೋ, ಸಾಕು."

"ಸುಮ್ಮನೆ ಯಾರಾದ್ರೂ ಆಸ್ಪತ್ರೆಗೆ ಕರೀತಾರಾ? ನನ್ನ ಹತ್ರ ಮುಚ್ಚಿಡಬೇಡಿ!" ಎಂದು ಅವಳು ಅಲ್ಲಿಂದಲೇ ಅಳತೊಡಗಿದಳು.

ಬಂದಾಗ ಅವಳೊಬ್ಬಳೇ ಬರಲಿಲ್ಲ. ಅವಳ ತಾಯಿ, ತಮ್ಮ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ಮಹಡಿ ಮನೆಯ ಅಜ್ಜಿ ಎಲ್ಲರೂ ಆಟೋದಿಂದ ಸುರಿದರು. ಅತ್ತೆ ಬಂದವರೇ, "ಅಳಿಯಂದಿರೇ, ಮುಖವೆಲ್ಲ ಕಪ್ಪಿಟ್ಟಿದೆಯಲ್ಲಪ್ಪಾ!" ಎಂದು ಎದೆ ಹಿಡಿದುಕೊಂಡರು. ಅದು ಮಸಿ ಎಂದು ಅವನು ಹೇಳಿದ್ದು ಆ ರಂಪದಲ್ಲಿ ಯಾರಿಗೂ ಕೇಳಿಸಲಿಲ್ಲ.

ಜವಾನ ಎದ್ದು ನಿಂತ. "ಇಷ್ಟು ಸೀರಿಯಸ್ ಅಂತ ಮೊದಲೇ ಹೇಳಬಾರದಾ ಸ್ವಾಮಿ!"

ಜ್ವರದ ಹೆಂಗಸನ್ನು ದಾಟಿಕೊಂಡು ಮೆರವಣಿಗೆ ಒಳಗೆ ಹೋಯಿತು. ನಾಚಿಕೆಯಾಗಬೇಕಾಗಿದ್ದದ್ದು ಎಲ್ಲರಿಗೂ, ಆಗಿದ್ದು ಮಷಿನ್‌ಮನ್ನಿಗೆ ಮಾತ್ರ.

"ಏನಾಗಿದೆ?" ಎಂದರು ಡಾಕ್ಟರು.

"ಒಂದೇ ಒಂದು ಸೀನು ಸಾರ್..."

"ಅವರನ್ನ ಮಾತಾಡಿಸಬೇಡಿ, ಆಯಾಸ ಆಗುತ್ತೆ," ಎಂದರು ಅತ್ತೆ.

"ಇಷ್ಟರಲ್ಲೇ ಬಿಡಬೇಡಿ, ಪೂರ್ತಿ ತಪಾಸಣೆ ಆಗಲಿ," ಎಂದರು ಮೇಷ್ಟ್ರು.

ಡಾಕ್ಟರು ಗುಂಪನ್ನೊಮ್ಮೆ ನೋಡಿದರು. ಇಷ್ಟು ಜನಕ್ಕೆ ತಿಳಿಹೇಳುವುದಕ್ಕಿಂತ ಒಂದು ಬಾಟಲಿ ನೇತುಹಾಕುವುದು ಸುಲಭವೆಂದು ಅವರಿಗೆ ಅನುಭವದಿಂದ ಗೊತ್ತಿತ್ತು. "ಮಲಗಿಸಿ, ಡ್ರಿಪ್ ಹಾಕಿ," ಎಂದುಬಿಟ್ಟರು. ಭಾವಮೈದ ಮೊಬೈಲ್ ಹಿಡಿದು ವರಾಂಡಕ್ಕೆ ಓಡಿದ.

ಹಾಸಿಗೆಯ ಸುತ್ತ ಚರ್ಚೆ ಶುರುವಾಯಿತು. ಮೇಷ್ಟ್ರು ಶ್ವಾಸಕೋಶ ಎಂದರೆ ಅಜ್ಜಿ ಪಿತ್ತ ಎಂದರು. ಇಬ್ಬರೂ ಪಟ್ಟು ಬಿಡದೆ ಜಗಳಕ್ಕೆ ನಿಂತಾಗ, ಎಲ್ಲರೂ ಬಿಡಿಸಲು ಅತ್ತ ತಿರುಗಿದರು. ಮಷಿನ್‌ಮನ್ ಸೂಜಿ ಕಿತ್ತು, ಹತ್ತಿ ಒತ್ತಿಕೊಂಡು, ಹಿಂಬಾಗಿಲಿನಿಂದ ಹೊರಬಿದ್ದು ಓಡಿದ. ಗಿರಾಕಿ ಬರುವ ಹೊತ್ತಿಗೆ ಸರಿಯಾಗಿ ಏದುಸಿರು ಬಿಡುತ್ತ ಪ್ರೆಸ್ಸಿನ ಮುಂದೆ ನಿಂತ.

ಬಾಗಿಲಿಗೆ ಬೀಗ ಹಾಕಿತ್ತು.

"ಅಯ್ಯೋ, ನೀವಿನ್ನೂ ಇದ್ದೀರಾ!" ಎಂದ ಪಕ್ಕದ ಚಹಾ ಅಂಗಡಿಯವ.

"ಎಲ್ಲರೂ ಎಲ್ಲಿ ಹೋದ್ರು?"

"ನಿಮ್ಮನ್ನ ನೋಡೋಕೇ. ಮುಖ ನೋಡೋದಿದ್ರೆ ಈಗಲೇ ಬನ್ನಿ ಅಂತ ನಿಮ್ಮ ಭಾವಮೈದ ಫೋನ್ ಮಾಡಿದ್ರಂತೆ. ಇಂಥ ಹೊತ್ತಲ್ಲಿ ಹೋಗದಿದ್ರೆ ನಾಲ್ಕು ಜನ ಏನಂತಾರೆ ಅಂತ ಯಜಮಾನ್ರು ಬೀಗ ಜಡಿದು, ಎಲ್ಲರನ್ನೂ ಕರ್ಕೊಂಡು ಹೋದ್ರು."

"ಗಿರಾಕಿ?"

"ಈಗತಾನೇ ಬಂದಿದ್ರು. ಬೀಗ ನೋಡಿದ್ರು, ಎದುರಿನ ಪ್ರೆಸ್ಸಿಗೆ ಹೋದ್ರು. ಅಲ್ಲಿ ಯಂತ್ರ ಓಡ್ತಿರೋ ಸದ್ದು ಕೇಳಿಸ್ತಿಲ್ವಾ?"

ಕೇಳಿಸುತ್ತಿತ್ತು. ಮಷಿನ್‌ಮನ್ ಮೆಟ್ಟಿಲ ಮೇಲೆ ಕುಸಿದು ಕೂತ.

"ಕೂರಬೇಡಿ ಮಾರಾಯ್ರೇ! ವರ್ಷದ ಕೆಲಸ ಕೈತಪ್ಪಿದ ಮೇಲೆ ನೀವು ಹೀಗೆ ಗಟ್ಟಿಮುಟ್ಟಾಗಿ ಕೂತಿರೋದು ಯಜಮಾನ್ರ ಕಣ್ಣಿಗೆ ಬಿದ್ರೆ, ಇರೋ ಕೆಲಸಾನೂ ಹೋಗುತ್ತೆ!"

ಬೀದಿಯ ತುದಿಯಲ್ಲಿ ಯಜಮಾನರು, ಬೈಂಡರ್, ಅತ್ತೆ, ಮೇಷ್ಟ್ರು ಎಲ್ಲರೂ ಓಡೋಡಿ ಬರುತ್ತಿರುವುದು ಕಾಣಿಸಿತು. ಮಷಿನ್‌ಮನ್ ಪ್ರೆಸ್ಸಿನ ಮೆಟ್ಟಿಲ ಮೇಲೆ ಉದ್ದಕ್ಕೆ ಮಲಗಿ, ಗಟ್ಟಿಯಾಗಿ ನರಳತೊಡಗಿದ.