ಎಡಕ್ಕೆ ವಾಲಿದ ಮೊಹರು

ನನ್ನ ನೆನಪನ್ನು ನಾನು ನಂಬುವುದಿಲ್ಲ. ಇದು ವಿನಯದ ಮಾತಲ್ಲ, ಅನುಭವದ ಮಾತು. ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದಾಗ ಚಾಮುಂಡಿ ಬೆಟ್ಟವನ್ನು ಒಂದೇ ಉಸಿರಿಗೆ ಹತ್ತಿದೆನೆಂದು ಹತ್ತು ಹನ್ನೆರಡು ವರ್ಷ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಒಮ್ಮೆ ಹಳೆಯ ಡೈರಿ ತೆಗೆದು ನೋಡಿದರೆ, ನಂದಿಯವರೆಗೆ ಹೋಗಿ, ತಲೆಸುತ್ತಿ, ಗೆಳೆಯನ ಹೆಗಲು ಹಿಡಿದು ಇಳಿದೆನೆಂದು ನನ್ನದೇ ಅಕ್ಷರದಲ್ಲಿ ಬರೆದಿತ್ತು. ಅಂದಿನಿಂದ ಬಾಯಲ್ಲಿ ಹೇಳಿದ್ದಕ್ಕೆಲ್ಲ ಕಾಗದದ ಸಾಕ್ಷಿ ಕೇಳುವ ಚಟ ಹತ್ತಿತು. ಹಳೆಯ ಅಂಚೆ ಲಕೋಟೆಗಳನ್ನು ಕೂಡಿಹಾಕುವ ನನ್ನ ಹುಚ್ಚಿಗೆ ಮೂಲ ಇದೇ. ಮನುಷ್ಯ ಸುಳ್ಳು ಹೇಳಬಹುದು, ಕಾಗದದೊಳಗಿನ ಒಕ್ಕಣೆಯೂ ಸುಳ್ಳು ಹೇಳಬಹುದು. ಆದರೆ ಲಕೋಟೆಯ ಮೇಲಿನ ಮೊಹರು, ಇಂಥ ಊರು, ಇಂಥ ದಿನ ಎಂದು ಗುದ್ದಿ ಹೇಳುತ್ತದೆ. ಅದಕ್ಕೆ ಯಾರ ಹಂಗೂ ಇಲ್ಲ. ಹಾಗೆಂದು ನಾನು ತಿಳಿದಿದ್ದೆ.

ಹಾಸನದ ಹೈಸ್ಕೂಲಿನಲ್ಲಿ ಚರಿತ್ರೆ ಹೇಳುವ ನನ್ನಂಥ ಮೇಷ್ಟರಿಗೆ ಭಾನುವಾರ ಬಂದರೆ ಬಿಡುವು. ಬಸ್ಸು ಹಿಡಿದು ಒಂದು ವಾರ ಚನ್ನರಾಯಪಟ್ಟಣ, ಒಂದು ವಾರ ಹೊಳೆನರಸೀಪುರ ಎಂದು ಸುತ್ತುತ್ತಿದ್ದೆ. ಆಗ ಯಾವ ಮನೆಗೆ ಹೋದರೂ ತೊಲೆಯಿಂದ ಒಂದು ತಂತಿ ಇಳಿಬಿದ್ದಿರುತ್ತಿತ್ತು. ಬಂದ ಕಾಗದವನ್ನು ಓದಿ, ಲಕೋಟೆಯ ಸಮೇತ ಅದಕ್ಕೆ ಚುಚ್ಚುವುದು. ಸಾವಿನ ಸುದ್ದಿಯ ಕಾಗದವನ್ನು ಮಾತ್ರ ಓದಿದ ಕೂಡಲೇ ಹರಿದುಹಾಕುತ್ತಿದ್ದರು. ಹೀಗಾಗಿ ನಮ್ಮ ಸೀಮೆಯ ತಂತಿಗಳನ್ನಷ್ಟೇ ನೋಡಿ ಚರಿತ್ರೆ ಬರೆಯುವವನು, ಇಲ್ಲಿ ಜನ ಹುಟ್ಟುತ್ತಿದ್ದರು, ಮದುವೆಯಾಗುತ್ತಿದ್ದರು, ಆದರೆ ಯಾರೂ ಸಾಯುತ್ತಿರಲಿಲ್ಲ ಎಂದು ಬರೆಯಬೇಕಾಗುತ್ತದೆ.

ನನ್ನ ತಂದೆಯ ಊರು ಹೊಳೆನರಸೀಪುರದ ಹತ್ತಿರದ ಹಳೇಕೋಟೆ. ಅಲ್ಲಿ ಚಿಕ್ಕಪ್ಪ ಇದ್ದರು. ಅವರ ಮನೆಯ ಜಗಲಿಯಲ್ಲಿ ಕುಳಿತು ನಾನು ತಂತಿಯಿಂದ ಲಕೋಟೆ ಬಿಡಿಸುತ್ತಿದ್ದರೆ ಪಕ್ಕದ ಮನೆಯ ಜವರೇಗೌಡರು ಬೀಡಿ ಹಿಡಿದು ನೋಡುತ್ತ ನಿಂತಿದ್ದರು. ನಾನು ಒಳಗಿನ ಕಾಗದಗಳನ್ನೆಲ್ಲ ತೆಗೆದು ಪಕ್ಕಕ್ಕಿಟ್ಟು ಬರಿಯ ಲಕೋಟೆಗಳನ್ನು ಚೀಲಕ್ಕೆ ಸೇರಿಸಿದ್ದು ಕಂಡು ಅವರಿಗೆ ತಡೆಯಲಾಗಲಿಲ್ಲ.

"ಅಲ್ಲಾ ಸಾ, ಇಷ್ಟೊಂದು ಓದ್ಕಂಡಿದೀರಿ. ಕಡ್ಲೇಕಾಯಿ ಸುಲ್ದು ಬೀಜ ಬುಟ್ಬುಟ್ಟು ಸಿಪ್ಪೆ ತಕ್ಕಂಡೋಯ್ತೀರಲ್ಲಾ?"

ಚಿಕ್ಕಪ್ಪ ನಕ್ಕರು. ಸಿಪ್ಪೆಯಲ್ಲೇ ಚರಿತ್ರೆ ಇದೆ ಎಂದು ನಾನು ವಿವರಿಸಿದೆ. "ಅಂಗಾರೆ ನಮ್ಮ ಹಿತ್ಲಿಗೂ ಬನ್ನಿ, ಬೇಕಾದಷ್ಟು ಐತೆ," ಎಂದು ಅವರು ಹೊರಟುಹೋದರು.

ಅಂದು ಆ ತಂತಿಯ ಬುಡದಲ್ಲಿ ಸಿಕ್ಕಿತು, ನನ್ನ ಸಂಗ್ರಹದ ಕಿರೀಟದಂಥ ಲಕೋಟೆ. ನಾಲ್ಕು ಮೂಲೆಗೂ ಅರಿಸಿನ ಹಚ್ಚಿತ್ತು. ಚನ್ನರಾಯಪಟ್ಟಣದಿಂದ ನನ್ನ ತಾಯಿಯ ತಂದೆ ಹಳೇಕೋಟೆಯ ನನ್ನ ತಂದೆಗೆ ಬರೆದದ್ದು: ಸುಖಪ್ರಸವವಾಗಿ ಗಂಡು ಮಗು ಹುಟ್ಟಿದೆ, ಬಾಣಂತಿ ಕ್ಷೇಮ. ಆ ಗಂಡು ಮಗು ನಾನು. ಬೇರೆ ಗಂಡು ಮಕ್ಕಳು ನಮ್ಮ ಮನೆಯಲ್ಲಿ ಹುಟ್ಟಲಿಲ್ಲ. ಕಾಗದದಲ್ಲಿ ತಿಥಿ ಇತ್ತು, ವರ್ಷ ಇರಲಿಲ್ಲ. ಮುಂಭಾಗದ ಮೊಹರು ಪೂರ್ತಿ ಅಳಿಸಿತ್ತು. ಹಿಂಭಾಗದಲ್ಲಿ, ಕಾಗದ ತಲುಪಿದಾಗ ಹೊಳೆನರಸೀಪುರದ ಅಂಚೆ ಕಚೇರಿಯವರು ಹಾಕಿದ ಮೊಹರು ಮಾತ್ರ ಉಳಿದಿತ್ತು. ಅದರಲ್ಲಿ ತಿಂಗಳು ಸರಿ, ದಿನ ಸರಿ, ಇಸವಿಯ ಕೊನೆಯ ಅಂಕಿ ಮಾತ್ರ ಮಸಿ ಹರಡಿ, ನೋಡಿದರೆ ಎರಡು, ಕಣ್ಣು ಕಿರಿದು ಮಾಡಿದರೆ ನಾಲ್ಕು.

ಸಾವಿರದ ಒಂಬೈನೂರ ಇಪ್ಪತ್ತೆರಡೇ ಇರಬೇಕು ಎಂದುಕೊಂಡೆ. ನನ್ನ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು ಹಾಗೆ ಹೇಳುತ್ತದೆ. ನೀನು ಹುಟ್ಟಿದ ವರ್ಷ ಹೊಳೆಗೆ ಭಾರಿ ನೀರು ಬಂದಿತ್ತು ಎಂದು ಅಮ್ಮ ಹೇಳುತ್ತಿದ್ದಳು, ಆದರೆ ಹೇಮಾವತಿಗೆ ಯಾವ ವರ್ಷ ತಾನೇ ನೀರು ಬರಲಿಲ್ಲ? ಜಾತಕವನ್ನು ಗೆದ್ದಲು ತಿಂದಿತ್ತು. ಮದುವೆಯ ಕಾಲಕ್ಕೆ ಹೆಸರಿನ ಮೇಲೆ ನಕ್ಷತ್ರ ಹಿಡಿದು, ಸರ್ಟಿಫಿಕೇಟಿನ ಮೇಲೆ ವಯಸ್ಸು ಹಿಡಿದು ನಿಶ್ಚಯ ಮಾಡಿದ್ದರು. ಹುಡುಗಿ ನಾಗರತ್ನ ಇಪ್ಪತ್ತಮೂರರಲ್ಲಿ ಹುಟ್ಟಿದವಳು. ಒಂದು ವರ್ಷ ಚಿಕ್ಕವಳು, ಸಾಕು ಎಂದರು.

ಆ ಒಂದು ವರ್ಷ ನನ್ನ ಸಂಸಾರದ ಅಡಿಗಲ್ಲು. ಮದುವೆಯಾಗಿ ಹದಿನಾರು ವರ್ಷದಲ್ಲಿ, ಮಗಳನ್ನು ಯಾವ ಶಾಲೆಗೆ ಹಾಕಬೇಕು, ಹಾಸಿಗೆಯನ್ನು ಯಾವಾಗ ಬಿಸಿಲಿಗೆ ಹಾಕಬೇಕು ಎಂಬ ಯಾವ ವಾದವೇ ಇರಲಿ, ತರ್ಕದಲ್ಲಿ ಸೋತಾಗಲೆಲ್ಲ ನಾನು ಗಂಟಲು ಸರಿಮಾಡಿಕೊಂಡು, "ನೋಡು, ನಾನು ನಿನಗಿಂತ ಒಂದು ವರ್ಷ ದೊಡ್ಡವನು," ಎನ್ನುತ್ತಿದ್ದೆ. ವಾದ ಅಲ್ಲಿಗೆ ಮುಗಿಯುತ್ತಿತ್ತು. ತರ್ಕದಲ್ಲಿ ನಾನು ಸೋಲದ ದಿನ ಕಡಿಮೆಯಾದ್ದರಿಂದ ಈ ಮಾತು ನಮ್ಮ ಮನೆಯಲ್ಲಿ ದಿನಬಳಕೆಯದಾಗಿತ್ತು.

ಲಕೋಟೆಯನ್ನು ಹೆಮ್ಮೆಯಿಂದ ಅವಳಿಗೆ ತೋರಿಸಿದೆ. ಉಪಾಧ್ಯಾಯರ ಸಭೆಯಲ್ಲಿ ನನ್ನ ಸಂಗ್ರಹವನ್ನಿಟ್ಟು ಭಾಷಣ ಮಾಡುವುದಿತ್ತು. ಈ ಲಕೋಟೆಯೇ ಅದಕ್ಕೆ ಕಳಶ. ಅವಳು ಕೈಯೊರೆಸಿಕೊಂಡು ಅದನ್ನು ಬೆಳಕಿಗೆ ಹಿಡಿದಳು. ಪೋಸ್ಟ್ ಮಾಸ್ಟರ ಮಗಳು, ಮೊಹರುಗಳ ನಡುವೆ ಬೆಳೆದವಳು. ಬಹಳ ಹೊತ್ತು ನೋಡಿದಳು.

"ಚೆನ್ನಾಗಿದೆ. ಆಲ್ಬಮ್ಮಿಗೆ ಅಂಟಿಸಿಬಿಡಿ."

ಅಂಟಿಸಿದರೆ ಹಿಂಭಾಗ ಕಾಣುವುದಿಲ್ಲವಲ್ಲ, ಮೊದಲು ಅರಕಲಗೂಡಿಗೆ ಹೋಗಿ ನಿಮ್ಮಪ್ಪನಿಗೆ ತೋರಿಸಿ ಇಸವಿಯನ್ನು ನಿಶ್ಚಯಮಾಡಿಕೊಳ್ಳುತ್ತೇನೆ ಎಂದೆ.

"ಯಾಕ್ರೀ? ಸರ್ಟಿಫಿಕೇಟು ಇದೆಯಲ್ಲ. ಅಪ್ಪನಿಗೆ ಈಗ ಕಣ್ಣೂ ಅಷ್ಟು ಸರಿಯಾಗಿ ಕಾಣೋಲ್ಲ."

ಸಂಶೋಧನೆಯ ವಿಷಯದಲ್ಲಿ ಹೆಂಗಸರ ಮಾತು ಕೇಳಬಾರದೆಂದು ನಾನು ಮುಂದಿನ ಭಾನುವಾರದ ಮೊದಲ ಬಸ್ಸಿಗೇ ಹೊರಟೆ.

ಮಾವನವರು ನಿವೃತ್ತರಾಗಿ ಅರಕಲಗೂಡಿನಲ್ಲಿ ನೆಲೆಸಿದ್ದರು. ಕಣ್ಣಿಗೇನೂ ಆಗಿರಲಿಲ್ಲ, ನಾನು ಬೀದಿಯ ತಿರುವಿನಲ್ಲಿರುವಾಗಲೇ ಗುರುತು ಹಿಡಿದು ಒಳಗೆ ಕಾಫಿಗೆ ಹೇಳಿದ್ದರು. ಲಕೋಟೆಯನ್ನು ಬೋರಲು ಹಾಕಿ ಮೊಹರನ್ನಷ್ಟೇ ತೋರಿಸಿದೆ. ಅವರ ಮುಖ ಅರಳಿತು.

"ಇದು ನನ್ನ ಕೈಯ ಪೆಟ್ಟು! ನೋಡಿ, ಮೊಹರು ಎಡಕ್ಕೆ ವಾಲಿದೆ. ನಾನು ಎಡಚನಲ್ಲವೇ? ಹೊಳೆನರಸೀಪುರದಲ್ಲಿ ನಾನು ಗುಮಾಸ್ತೆಯಾಗಿದ್ದಷ್ಟು ದಿನ ಅಲ್ಲಿಗೆ ಬಂದ ಟಪಾಲೆಲ್ಲ ಎಡಕ್ಕೇ ವಾಲಿತು. ಅದೇ ನನ್ನ ಮೊದಲ ಕೆಲಸ. ನಾಗು ಹುಟ್ಟಿ ಮೂರು ತಿಂಗಳಿಗೆ ಆರ್ಡರು ಬಂತು. ಅವಳ ಕಾಲ್ಗುಣ, ಅಳಿಯಂದಿರೇ, ಅವಳ ಕಾಲ್ಗುಣ."

ಕಾಲ್ಗುಣದ ಈ ಕಥೆಯನ್ನು ಮದುವೆಯಾದಂದಿನಿಂದ ವರ್ಷಕ್ಕೆ ನಾಲ್ಕು ಸಲ ಕೇಳಿದ್ದೆನಾದ್ದರಿಂದ ಕಿವಿಗೆ ಹಾಕಿಕೊಳ್ಳಲಿಲ್ಲ. ಲಕೋಟೆಯನ್ನು ತಿರುಗಿಸಿ, ಇದು ನಾನು ಹುಟ್ಟಿದ ಸುದ್ದಿ ಹೊತ್ತುತಂದ ಕಾಗದ, ಇಸವಿ ಯಾವುದೆಂದು ನೀವೇ ಹೇಳಬೇಕು ಎಂದೆ.

ಮಾವನವರ ನಗು ನಿಂತಿತು. ಲಕೋಟೆ ನೋಡಿದರು, ನನ್ನನ್ನು ನೋಡಿದರು, ಒಳಗಿನ ಕೋಣೆಯ ಕಡೆ ಒಮ್ಮೆ ನೋಡಿದರು. ಅಲ್ಲಿ ನಮ್ಮ ಮದುವೆಯ ಫೋಟೋ ತೂಗುಹಾಕಿತ್ತು.

"ಇಪ್ಪತ್ತೆರಡು," ಎಂದರು.

"ನಾಲ್ಕರ ಹಾಗೂ ಕಾಣುತ್ತದೆ..."

"ಧೂಳು ಕೂತಿದೆ. ತಾಳಿ, ಎಣ್ಣೆ ಮುಟ್ಟಿಸಿದರೆ ಅಂಕಿ ಎದ್ದು ಕಾಣುತ್ತದೆ."

ನಾನು ಬೇಡವೆನ್ನುವುದರೊಳಗೆ ದೇವರ ಮುಂದಿನ ಬಟ್ಟಲಿನಿಂದ ಹತ್ತಿಯಲ್ಲಿ ಎಣ್ಣೆ ಅದ್ದಿ ತಂದು, ಅದೇ ಎಡಗೈಯಿಂದ ಒತ್ತಿ ಮೂರು ಸಲ ಉಜ್ಜಿದರು. ಇಸವಿಯಿದ್ದ ಕಡೆ ಕಡಲೆ ಗಾತ್ರದ ಕಪ್ಪು ಚುಕ್ಕೆಯೊಂದು ಉಳಿಯಿತು. "ಅಯ್ಯೋ," ಎಂದರು ಮಾವನವರು, ಬಹಳ ಶಾಂತವಾಗಿ. "ಹೋಗಲಿ, ನಾನು ನೋಡಿದ್ದೇನಲ್ಲ. ಇಪ್ಪತ್ತೆರಡು ಅಂತಲೇ ಬರೆದುಕೊಳ್ಳಿ."

ಹಾಸನದ ಬಸ್ಸಿನಲ್ಲಿ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೊರಗುತ್ತಿದ್ದೆ. ಅರ್ಧ ದಾರಿಯಲ್ಲಿ ಹೊಳೆಯಿತು. ಮೊಹರಿನ ಮಸಿಯನ್ನು ಕಲಸುವುದೇ ಎಣ್ಣೆಯಲ್ಲಿ. ಎಣ್ಣೆ ತಗುಲಿದರೆ ಅದು ಹರಡುತ್ತದೆಂಬುದು ಮೂವತ್ತು ವರ್ಷ ಆ ಮಸಿಯಲ್ಲೇ ಕೈ ಅದ್ದಿದವರಿಗೆ ತಿಳಿಯದೆ? ಇನ್ನೆರಡು ಮೈಲಿ ಹೋದ ಮೇಲೆ ಕಾಲ್ಗುಣದ ಕಥೆ ನೆನಪಾಯಿತು. ನಾಗು ಹುಟ್ಟಿದ ಮೇಲೆ ಮಾವನವರಿಗೆ ಕೆಲಸ. ಕೆಲಸ ಸಿಕ್ಕಿದ ಮೇಲೆ ಅವರ ಕೈಯ ಮೊಹರು. ಆ ಮೊಹರು ಬಿದ್ದದ್ದು ನಾನು ಹುಟ್ಟಿದ ಸುದ್ದಿಯ ಮೇಲೆ. ಹಾಗಾದರೆ ಯಾರು ಮೊದಲು, ಯಾರು ಆಮೇಲೆ ಎನ್ನುವುದಕ್ಕೆ ಅಂಕಿಯೇ ಬೇಕಿಲ್ಲ. ಇದರ ಮೇಲೆ ಇನ್ನೊಂದು ನೆನಪು: ಅಕ್ಕನ ಹಿಂದೆ ಅಳುತ್ತ ಶಾಲೆಗೆ ಹೋದ ನನ್ನನ್ನು ಮನೆಗೆ ಅಟ್ಟಲಾರದೆ, ಮೇಷ್ಟರು ಆರು ವರ್ಷವೆಂದು ಬರೆದು ಕೂರಿಸಿಕೊಂಡರಂತೆ. ನಾನೂ ಮೇಷ್ಟರೇ. ಎಷ್ಟು ಮಕ್ಕಳ ವಯಸ್ಸನ್ನು ನಾವು ಹೀಗೆ ಬೆಳೆಸಿಲ್ಲ!

ಮನೆಗೆ ಬಂದಾಗ ನಾಗರತ್ನ ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತದೆ ಕೇಳಿದಳು.

"ಅಪ್ಪ ಏನಂದ್ರು?"

"ಇಪ್ಪತ್ತೆರಡಂತೆ."

"ಅಪ್ಪ ಅಂದ ಮೇಲೆ ಮುಗೀತು." ಮೊರದಲ್ಲಿ ಒಂದು ಕಲ್ಲು ಸಿಕ್ಕಿತು, ತೆಗೆದು ಆಚೆ ಎಸೆದಳು.

ಎಡಕ್ಕೆ ವಾಲಿದ ಮೊಹರು ಯಾರದೆಂದು ಅವಳು ಅಂದೇ ಕಂಡುಕೊಂಡಿದ್ದಳೇ? ಕೇಳುವ ಧೈರ್ಯ ಬರಲಿಲ್ಲ. ಡೈರಿಯಲ್ಲಿ, "ಇಪ್ಪತ್ತೆರಡು ಎಂದು ಮಾವನವರ ಅಭಿಪ್ರಾಯ," ಎಂದಷ್ಟೇ ಬರೆದೆ. ಸುಳ್ಳಲ್ಲ. ಭಾಷಣದಲ್ಲಿ ಆ ಲಕೋಟೆಯನ್ನು ತೋರಿಸಲಿಲ್ಲ. ಆಲ್ಬಮ್ಮಿಗೆ ಅಂಟಿಸಿದೆ, ಹಿಂಭಾಗ ಕೆಳಗಾಗಿ.

ಆಮೇಲೆ ಬಹಳ ದಿನ "ನಾನು ನಿನಗಿಂತ ದೊಡ್ಡವನು" ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ. ಬಾರದಿದ್ದುದನ್ನು ಅವಳು ಗಮನಿಸಿದಳೆಂದು ಕಾಣುತ್ತದೆ. ಒಂದು ಸಂಜೆ ಶಾಲೆಯಿಂದ ಬಂದು, ಎಂದಿನಂತೆ ಎರಡನೆಯ ಲೋಟ ಕಾಫಿಗೆ ಕೈ ಚಾಚಿದೆ. ಅವಳು ಲೋಟವನ್ನು ತನ್ನ ಕಡೆಗೆ ಎಳೆದುಕೊಂಡಳು.

"ಬೇಡ, ಪಿತ್ತ ಆಗುತ್ತೆ. ನಿಮಗೆ ನಲವತ್ತಾಗ್ತಾ ಬಂತು. ನನ್ನ ಹಾಗಾ? ನೀವು ನನಗಿಂತ ಒಂದು ವರ್ಷ ದೊಡ್ಡವರು."

ಹೀಗೆಂದು ನನ್ನ ಕಣ್ಣೆದುರಿಗೇ ಅದನ್ನು ಕುಡಿದಳು. ಗೋಡೆಯ ಗೂಡಿನಲ್ಲಿ ಆಲ್ಬಮ್ಮು ಇತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆದರೆ ಅದನ್ನು ತೆಗೆದು ಏನೆಂದು ವಾದಿಸಲಿ? ನನ್ನ ಬಳಿ ಇದ್ದದ್ದು ಬರಿಯ ನೆನಪು ಮತ್ತು ಒಂದು ಎಣ್ಣೆಯ ಕಲೆ.